ಪಕ್ಕದವರ ಲೆನ್ಸು, ನಮ್ಮ ಕ್ಯಾಮೆರಾ

ಕೇಳುಗರಿಗೆಲ್ಲ ನಮಸ್ಕಾರ.

ಭಾನುವಾರ ಬೆಳಿಗ್ಗೆ ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ವಾಕಿಂಗ್ ಹೋಗುವವರು ಕ್ಯಾಮೆರಾ ಹಿಡಿದ ಗುಂಪುಗಳನ್ನು ನೋಡಿಯೇ ಇರುತ್ತೀರಿ. ಮುಂದಿನ ಸಲ ಅವರು ಕೊರಳಿಗೆ ಹಾಕಿಕೊಂಡಿರುವ ಪಟ್ಟಿಯನ್ನು ಸ್ವಲ್ಪ ಗಮನಿಸಿ. ಕಪ್ಪು ಹಳದಿ ಇದ್ದರೆ ನಿಕಾನ್, ಕೆಂಪು ಬಿಳಿ ಇದ್ದರೆ ಕ್ಯಾನನ್. ಒಟ್ಟಿಗೆ ಬಂದ ನಾಲ್ಕೈದು ಜನರಲ್ಲಿ ಬಹಳ ಸಲ ಒಂದೇ ಬಣ್ಣ ಕಾಣುತ್ತದೆ. ಹವ್ಯಾಸಕ್ಕೆ ಫೋಟೋ ತೆಗೆಯುವವರು ಬ್ರ್ಯಾಂಡನ್ನು ಹೇಗೆ ಆರಿಸಿಕೊಳ್ಳುತ್ತಾರೆ ಅನ್ನುವುದಕ್ಕೆ ಅರ್ಧ ಉತ್ತರ ಆ ಪಟ್ಟಿಗಳಲ್ಲೇ ಇದೆ.

‘ಯಾಕೆ ನಿಕಾನ್ ತಗೊಂಡ್ರಿ?’ ಅಂತ ಯಾರನ್ನಾದರೂ ಕೇಳಿ. ಬಣ್ಣ ಚೆನ್ನಾಗಿ ಬರುತ್ತೆ, ಫೋಟೋ ಶಾರ್ಪ್ ಆಗಿರುತ್ತೆ ಅನ್ನುತ್ತಾರೆ. ಇನ್ನೊಂದು ಸ್ವಲ್ಪ ಹೊತ್ತು ಮಾತಾಡಿದರೆ ನಿಜವಾದ ಕಾರಣ ಹೊರಗೆ ಬರುತ್ತದೆ. ನಮ್ಮ ಮಾವನ ಹತ್ತಿರ ಅದೇ ಇತ್ತು. ಆಫೀಸಿನ ಗೆಳೆಯ ಹೇಳಿಕೊಟ್ಟ. ಅಂಗಡಿಯಲ್ಲಿ ಅವತ್ತು ಅದೊಂದೇ ಸ್ಟಾಕ್ ಇತ್ತು, ಜೊತೆಗೆ ಬ್ಯಾಗು, ಮೆಮೊರಿ ಕಾರ್ಡು ಕೊಟ್ಟರು. ಕ್ಯಾನನ್ ಇಟ್ಟುಕೊಂಡವರನ್ನು ಕೇಳಿದರೂ ಇದೇ ಉತ್ತರ. ಅಂದರೆ ಬ್ರ್ಯಾಂಡನ್ನು ಆರಿಸುವುದು ಬಹುಪಾಲು ನಾವಲ್ಲ, ನಮ್ಮ ಸುತ್ತ ಇರುವವರು. ಇದು ಕೆಟ್ಟ ದಾರಿ ಅಂತ ನನಗೆ ಅನ್ನಿಸುವುದಿಲ್ಲ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ ಅಂತಲೇ ನಾನು ನಂಬಿದ್ದೇನೆ. ಆದರೆ ಸುಮ್ನೆ ಹಿಂದೆ ಹೋಗುವುದು ಬೇರೆ, ಯಾಕೆ ಅಂತ ತಿಳಿದು ಹೋಗುವುದು ಬೇರೆ.

ರೀಲು ಹಾಕುವ ಕಾಲದಲ್ಲಂತೂ ಆಯ್ಕೆಯೇ ಕಡಿಮೆ ಇತ್ತು. ನಮ್ಮ ದೇಶದಲ್ಲೇ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ 3 ಎಷ್ಟೋ ಮನೆಗಳ ಮೊದಲ ಕ್ಯಾಮೆರಾ. ಒಂದು ರೋಲಿಗೆ 12 ಚಿತ್ರ. ಅದಕ್ಕಿಂತ ಮೇಲಿನದು ಬೇಕು ಅಂದರೆ ವಿದೇಶದಿಂದ ಬರುವ ನೆಂಟರನ್ನು ಕಾಯಬೇಕಿತ್ತು. ಅವರು ತಂದದ್ದು ಯಾಷಿಕಾ ಆದರೆ ಯಾಷಿಕಾ, ಪೆಂಟಾಕ್ಸ್ ಆದರೆ ಪೆಂಟಾಕ್ಸ್.

ಈಗ ಅಂಗಡಿ ತುಂಬ ಕ್ಯಾಮೆರಾ ಇದೆ. ಆದರೂ ಆಯ್ಕೆ ಸುಲಭವಾಗಿಲ್ಲ. ಯಾಕೆಂದರೆ ಕ್ಯಾಮೆರಾ ಕೊಳ್ಳುವುದು ಸಂಬಂಧ ಬೆಳೆಸಿದ ಹಾಗೆ. ಹುಡುಗನನ್ನು ಮಾತ್ರ ನೋಡಿದರೆ ಸಾಲದು, ಮನೆತನ ನೋಡಬೇಕು. ಇಲ್ಲಿ ಮನೆತನ ಅಂದರೆ ಮೌಂಟು. ಬಾಡಿ, ಅಂದರೆ ಲೆನ್ಸು ಬಿಟ್ಟು ಉಳಿದ ಕ್ಯಾಮೆರಾ, ಅದರ ಮೇಲೆ ಲೆನ್ಸು ಕೂರುವ ಆ ಲೋಹದ ಬಳೆ. ಸಾಮಾನ್ಯವಾಗಿ ಒಂದು ಕಂಪನಿಯ ಲೆನ್ಸು ಇನ್ನೊಂದರ ಮೌಂಟಿಗೆ ಕೂರುವುದಿಲ್ಲ. ಬಾಡಿ ಕೆಲವು ವರ್ಷಕ್ಕೆ ಹಳೆಯದಾಗುತ್ತದೆ, ಲೆನ್ಸು ಉಳಿಯುತ್ತದೆ. ಎರಡು ಮೂರು ಲೆನ್ಸು ಕೈಗೆ ಬಂದ ಮೇಲೆ ಬ್ರ್ಯಾಂಡ್ ಬದಲಾಯಿಸುವುದು ಅಂದರೆ ಎಲ್ಲವನ್ನೂ ಮಾರಿ ಮತ್ತೆ ಮೊದಲಿಂದ ಶುರು ಮಾಡುವುದು.

ಈ ಮೌಂಟಿನ ವಿಷಯದಲ್ಲಿ ಎರಡು ದೊಡ್ಡ ಕಂಪನಿಗಳು ಹಿಡಿದ ದಾರಿ ಬೇರೆ ಬೇರೆ. ನಿಕಾನ್ 1959ರಲ್ಲಿ ಎಫ್ ಮೌಂಟ್ ತಂದಿತು. ಫಿಲಂ ಹೋಗಿ ಡಿಜಿಟಲ್ ಬಂದಾಗಲೂ ಅದೇ ಬಳೆಯನ್ನು ಉಳಿಸಿಕೊಂಡಿತು. ಕ್ಯಾನನ್ 1987ರಲ್ಲಿ ತನ್ನ ಹಳೆಯ ಎಫ್‌ಡಿ ಮೌಂಟನ್ನು ಕೈಬಿಟ್ಟು ಇಎಫ್ ಅನ್ನುವ ಹೊಸದನ್ನು ತಂದಿತು. ಹಳೆಯ ಲೆನ್ಸು ಇಟ್ಟುಕೊಂಡವರಿಗೆ ಅದು ದೊಡ್ಡ ಪೆಟ್ಟು. ಆದರೆ ಹೊಸ ಮೌಂಟು ಅಗಲವಾಗಿತ್ತು. ಫೋಕಸ್ ಮಾಡುವ ಮೋಟಾರನ್ನು ಪ್ರತಿ ಲೆನ್ಸಿನ ಒಳಗೇ ಇಟ್ಟರು. ಅಂದಿನ ಇಎಫ್ ಲೆನ್ಸನ್ನು ಆಮೇಲೆ ಬಂದ ಕ್ಯಾನನ್ ಡಿಎಸ್‌ಎಲ್‌ಆರ್‌ಗೆ, ಅಂದರೆ ಒಳಗೆ ಕನ್ನಡಿ ಇರುವ ಡಿಜಿಟಲ್ ಕ್ಯಾಮೆರಾಕ್ಕೆ, ಹಾಕಿದರೂ ಆಟೋಫೋಕಸ್ ಆಗುತ್ತದೆ, ಅಂದರೆ ಫೋಕಸ್ ತಾನಾಗಿಯೇ ಕೂರುತ್ತದೆ.

ನಿಕಾನ್ ಹಳೆಯದನ್ನು ಉಳಿಸಿಕೊಂಡಿದ್ದರಲ್ಲಿ ಒಂದು ತೊಡಕು ಇದೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯಾಕೆಂದರೆ ನಮ್ಮ ಊರಿನ ಎಷ್ಟೋ ಮಕ್ಕಳು ಇದರಲ್ಲೇ ಸಿಕ್ಕಿಕೊಳ್ಳುತ್ತಾರೆ. ನಿಕಾನಿನ ಹಳೆಯ ಆಟೋಫೋಕಸ್ ಲೆನ್ಸುಗಳಿಗೆ ಒಳಗೆ ಮೋಟಾರ್ ಇರಲಿಲ್ಲ. ಬಾಡಿಯಲ್ಲಿದ್ದ ಮೋಟಾರ್ ಒಂದು ಸಣ್ಣ ತಿರುಪಿನ ಮೂಲಕ ಅವನ್ನು ತಿರುಗಿಸುತ್ತಿತ್ತು. ಡಿಜಿಟಲ್ ಬಂದ ಮೇಲೆ ಬೆಲೆ ಇಳಿಸೋಕೆ, ಡಿ40 ಮಾಡೆಲಿನಿಂದ ಹಿಡಿದು ಡಿ3000, ಡಿ5000 ಸಾಲಿನವರೆಗೆ, ಕಡಿಮೆ ಬೆಲೆಯ ಬಾಡಿಗಳಿಂದ ಆ ಮೋಟಾರನ್ನು ತೆಗೆದುಬಿಟ್ಟರು. ಮಂಡ್ಯದಲ್ಲಿ ನನಗೆ ಗೊತ್ತಿರುವ ಕಾಲೇಜು ಹುಡುಗಿಯೊಬ್ಬಳಿಗೆ ಅವಳ ದೊಡ್ಡಪ್ಪ ಫಿಲಂ ಕಾಲದ 50 ಎಂಎಂ ಲೆನ್ಸು ಕೊಟ್ಟರು. ಅದು ಇದೆಯಲ್ಲ ಅಂತ ಅವಳು ಕೂಡಿಟ್ಟ ದುಡ್ಡಿನಲ್ಲಿ ನಿಕಾನಿನ ಸಣ್ಣ ಬಾಡಿ ತಗೊಂಡಳು. ಲೆನ್ಸು ಸರಿಯಾಗಿ ಕೂತಿತು. ಫೋಕಸ್ ಮಾತ್ರ ಕೈಯಲ್ಲೇ ತಿರುಗಿಸಬೇಕು. ಡಿ7000 ಸಾಲಿನ ಸೆಕೆಂಡ್ ಹ್ಯಾಂಡ್ ಬಾಡಿ ತಗೊಂಡಿದ್ದರೆ ಈ ತೊಂದರೆಯೇ ಇರುತ್ತಿರಲಿಲ್ಲ. ಅದರಲ್ಲಿ ಮೋಟಾರ್ ಇದೆ. ಅವಳು ಆ ಲೆನ್ಸಿನಲ್ಲಿ ಕೈಯಿಂದಲೇ ಫೋಕಸ್ ಮಾಡೋಕೆ ಕಲಿತಳು. ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ಅವಳು ತೆಗೆದ ಮುಖಗಳು ನನಗೆ ತುಂಬ ಇಷ್ಟ.

ಇನ್ನು ಕೈಯ ಅಭ್ಯಾಸ. ಮಂಡ್ಯ ಕಡೆಯ ಬಹಳ ಹುಡುಗರು ಕ್ಯಾಮೆರಾ ಕಲಿಯುವುದು ಮದುವೆ ಫೋಟೋ ತೆಗೆಯುವ ಸ್ಟುಡಿಯೋಗಳಲ್ಲಿ. ಮೊದಲು ಲೈಟು ಹಿಡಿಯುತ್ತಾರೆ. ಆಮೇಲೆ ಬ್ಯಾಗು ಕಾಯುತ್ತಾರೆ. ಒಂದು ದಿನ ಓನರ್ ಕ್ಯಾಮೆರಾ ಕೈಗೆ ಕೊಡುತ್ತಾರೆ. ಆ ಸ್ಟುಡಿಯೋದಲ್ಲಿ ಯಾವುದಿತ್ತೋ ಅದೇ ಆ ಹುಡುಗನ ಬ್ರ್ಯಾಂಡು. ಎದುರಿನಿಂದ ನೋಡಿದರೆ ಕ್ಯಾನನ್ ಲೆನ್ಸನ್ನು ಗಡಿಯಾರದ ಮುಳ್ಳು ತಿರುಗುವ ಕಡೆಗೆ ತಿರುಗಿಸಿ ಕೂರಿಸಬೇಕು. ನಿಕಾನ್ ಅದಕ್ಕೆ ಉಲ್ಟಾ. ಜೂಮ್ ರಿಂಗು ಕೂಡ ಸಾಮಾನ್ಯವಾಗಿ ಎರಡರಲ್ಲೂ ವಿರುದ್ಧ ದಿಕ್ಕಿಗೆ ತಿರುಗುತ್ತದೆ. ಇದು ಸಣ್ಣ ವಿಷಯ ಅನ್ನಬೇಡಿ. ಜಂಬೂ ಸವಾರಿಯಲ್ಲಿ ಅಂಬಾರಿ ನಿಮ್ಮ ಮುಂದೆ ಹಾದುಹೋಗುವ ಹೊತ್ತಿಗೆ ಬೆರಳು ಯೋಚನೆ ಮಾಡುತ್ತ ನಿಂತರೆ ಚಿತ್ರ ಹೋಯಿತು.

ಹಕ್ಕಿ ಫೋಟೋದವರ ಲೆಕ್ಕ ಬೇರೆ. ಅವರು ಬಾಡಿ ನೋಡುವುದಕ್ಕಿಂತ ಮೊದಲು ಉದ್ದನೆಯ ಲೆನ್ಸು ನೋಡುತ್ತಾರೆ. ಲೆನ್ಸಿನ ಎಂಎಂ ಅಂಕಿ ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ. 2015ರಲ್ಲಿ ನಿಕಾನ್ 200-500 ಎಂಎಂ ಲೆನ್ಸು ತಂದಾಗ, ಅದೊಂದಕ್ಕಾಗಿಯೇ ನಿಕಾನ್ ಕಡೆ ಬಂದವರನ್ನು ನಾನು ಬಲ್ಲೆ. ಅದಕ್ಕೂ ಸ್ವಲ್ಪ ಮೊದಲು ಟ್ಯಾಮ್ರಾನ್, ಸಿಗ್ಮಾ ಕಂಪನಿಗಳ 150-600 ಲೆನ್ಸುಗಳು ಬಂದಿದ್ದವು. ಅವು ಕ್ಯಾನನ್‌ಗೂ ಸಿಗುತ್ತಿದ್ದವು, ನಿಕಾನ್‌ಗೂ ಸಿಗುತ್ತಿದ್ದವು. ಹಾಗಾಗಿ ಬ್ರ್ಯಾಂಡಿನ ಜಗಳ ಸ್ವಲ್ಪ ತಣ್ಣಗಾಯಿತು. ಅದೇ 2015ರಲ್ಲಿ ಬಂದ ನಿಕಾನ್ ಪಿ900 ಕ್ಯಾಮೆರಾಕ್ಕೆ ಲೆನ್ಸು ಬದಲಾಯಿಸುವ ಗೋಜೇ ಇಲ್ಲ. 83 ಪಟ್ಟು ಜೂಮು. ನಿವೃತ್ತರಾದ ಎಷ್ಟೋ ಹಿರಿಯರು ಅದನ್ನು ಹಿಡಿದು ಹಕ್ಕಿಗಳನ್ನು ಗುರುತಿಸೋಕೆ ಕಲಿತರು.

ಆದರೆ ಎಲ್ಲಿ ಫೋಟೋ ತೆಗೆಯುತ್ತೀರಿ ಅನ್ನುವುದನ್ನು ಮೊದಲು ಕೇಳಿಕೊಳ್ಳಬೇಕು ಅಲ್ವಾ? ರಂಗನತಿಟ್ಟಿನಲ್ಲಿ ದೋಣಿ ಬಂಡೆಗಳ ಹತ್ತಿರವೇ ಹೋಗುತ್ತದೆ. ಮೊಸಳೆ, ಬಣ್ಣದ ಕೊಕ್ಕರೆ ಎಲ್ಲ ಕಣ್ಣೆದುರಿಗೇ ಇರುತ್ತವೆ. ದೋಣಿ ಅಲುಗಾಡುವುದರಿಂದ ಟ್ರೈಪಾಡ್ ಉಪಯೋಗಕ್ಕೆ ಬರುವುದಿಲ್ಲ. ಅಲ್ಲಿ ಬೇಕಾಗಿರುವುದು ನಡುಕ ತಡೆಯುವ ಸೌಲಭ್ಯ ಇರುವ ಹಗುರ ಲೆನ್ಸು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು, ಅಂದರೆ ಪೆಲಿಕನ್ ಹಕ್ಕಿಗಳು, ಊರೊಳಗಿನ ಮರಗಳ ಮೇಲೆ, ಮನೆಗಳ ಪಕ್ಕದಲ್ಲೇ ಗೂಡು ಕಟ್ಟುತ್ತವೆ. 70-300 ಲೆನ್ಸು ಧಾರಾಳವಾಗಿ ಸಾಕು, ಮತ್ತು ಅದು ಕ್ಯಾನನ್, ನಿಕಾನ್ ಎರಡರ ಡಿಎಸ್‌ಎಲ್‌ಆರ್‌ಗೂ ಸಿಗುತ್ತದೆ. ಕಬಿನಿಗೆ ಹೋಗುವವರಿಗೆ ಮಾತ್ರ ದೊಡ್ಡ ಲೆನ್ಸು ನಿಜವಾಗಿ ಬೇಕು. ವರ್ಷಕ್ಕೆ ಒಂದು ಸಲ ಕಬಿನಿಗೆ ಹೋಗುವವರು ಅದಕ್ಕೋಸ್ಕರ 2.3 ಕೆ.ಜಿ. ತೂಕದ 200-500 ಕೊಂಡು ಮನೆಯಲ್ಲಿಡುವುದು ನನಗೆ ಸರಿ ಕಾಣುವುದಿಲ್ಲ. ಬಾಡಿಗೆಗೆ ತರಬಹುದು. ಬಾಡಿಗೆಯವರ ಹತ್ತಿರ ಕ್ಯಾನನ್, ನಿಕಾನ್, ಸೋನಿ ಲೆನ್ಸುಗಳೇ ಜಾಸ್ತಿ ಇರುತ್ತವೆ. ಇದೂ ಬ್ರ್ಯಾಂಡ್ ಆರಿಸುವಾಗ ನೆನಪಿಡಬೇಕಾದ ಮಾತು.

ಅರಮನೆಯ ದೀಪಾಲಂಕಾರ ತೆಗೆಯುವವರಿಗೆ ಯಾವ ಬ್ರ್ಯಾಂಡಾದರೂ ನಡೆಯುತ್ತದೆ. ಅಲ್ಲಿ ಕ್ಯಾಮೆರಾ ಅಲುಗದೆ ನಿಲ್ಲಬೇಕು, ಅಷ್ಟೇ.

ಈಗಿನ ಮಾತಿಗೆ ಬರೋಣ. ಸೋನಿ 2006ರಲ್ಲಿ ಕೊನಿಕಾ ಮಿನೋಲ್ಟಾದ ಕ್ಯಾಮೆರಾ ವ್ಯವಹಾರ ವಹಿಸಿಕೊಂಡು ಈ ಕಡೆ ಬಂತು. ಮಿನೋಲ್ಟಾ ಹೆಸರು ಹೋಯಿತು. ಆದರೆ ಅದರ ಆಟೋಫೋಕಸ್ ಲೆನ್ಸುಗಳು ಸೋನಿ ಆಲ್ಫಾ ಬಾಡಿಯ ಮೇಲೆ ಕೂತವು. 2013ರಲ್ಲಿ ಸೋನಿ ಎ7 ಮಿರರ್‌ಲೆಸ್, ಅಂದರೆ ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾ, ಬಂತು. ಕ್ಯಾನನ್, ನಿಕಾನ್ ಎರಡೂ 2018ರಲ್ಲಿ ತಮ್ಮ ಮಿರರ್‌ಲೆಸ್‌ಗಾಗಿ ಆರ್‌ಎಫ್, ಝಡ್ ಅನ್ನುವ ಹೊಸ ಮೌಂಟುಗಳನ್ನು ತಂದವು. ಹಳೆಯ ಲೆನ್ಸುಗಳನ್ನು ಹೊಸ ಮೌಂಟಿಗೆ ಕೂರಿಸೋಕೆ ನಡುವೆ ಹಾಕುವ ಅಡಾಪ್ಟರ್ ಕೊಟ್ಟಿದ್ದಾರೆ. ಕ್ಯಾನನ್ ಇಎಫ್ ಲೆನ್ಸುಗಳು ಅಡಾಪ್ಟರಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತವೆ. ನಿಕಾನಿನ ಎಫ್‌ಟಿಝಡ್ ಅಡಾಪ್ಟರಿನಲ್ಲಿ ಮೋಟಾರ್ ಇಲ್ಲ. ಹಾಗಾಗಿ ಆ ಮಂಡ್ಯದ ಹುಡುಗಿಯ ದೊಡ್ಡಪ್ಪನ ಲೆನ್ಸು ಅಲ್ಲೂ ಕೈಯಿಂದಲೇ ತಿರುಗಬೇಕು.

ಮಿರರ್‌ಲೆಸ್ ಕಡೆ ಹೋದವರು ತಮ್ಮ ಡಿಎಸ್‌ಎಲ್‌ಆರ್ ಮಾರುತ್ತಿದ್ದಾರೆ. ಕಡಿಮೆ ದುಡ್ಡಿನಲ್ಲಿ ಶುರು ಮಾಡುವವರಿಗೆ ಇದು ಒಳ್ಳೆಯ ಕಾಲ. ಹೊಸ ಮಿರರ್‌ಲೆಸ್ ಬಾಡಿ ಒಂದನ್ನೇ ಕೊಂಡು ಲೆನ್ಸಿಗೆ ದುಡ್ಡಿಲ್ಲದೆ ಕೂರುವುದಕ್ಕಿಂತ, ಹಳೆಯ ಡಿಎಸ್‌ಎಲ್‌ಆರ್ ಜೊತೆ ಎರಡು ಒಳ್ಳೆಯ ಲೆನ್ಸು ಇಟ್ಟುಕೊಳ್ಳುವುದೇ ಮೇಲು ಅಂತ ನಾನು ಖಂಡಿತ ಹೇಳುತ್ತೇನೆ.

ಮದ್ದೂರಿನ ಮೇಷ್ಟ್ರೊಬ್ಬರು ಯಾವ ಕ್ಯಾಮೆರಾ ತಗೊಳ್ಳಲಿ ಅಂತ ನನ್ನನ್ನು ಕೇಳಿದ್ದರು. ನಿಮ್ಮ ಜೊತೆ ಕೊಕ್ಕರೆ ಬೆಳ್ಳೂರಿಗೆ ಯಾರು ಬರುತ್ತಾರೆ ಅಂತ ನಾನು ತಿರುಗಿ ಕೇಳಿದೆ. ಅದೇ ಶಾಲೆಯ ಇನ್ನೊಬ್ಬ ಮೇಷ್ಟ್ರು ಅಂದರು, ಅವರದು ಕ್ಯಾನನ್. ಹಾಗಾದರೆ ನೀವೂ ಕ್ಯಾನನ್ ತಗೊಳ್ಳಿ ಸಾರ್ ಅಂದೆ. ಈಗ ಇಬ್ಬರಿಗೂ ಸೇರಿ ಒಂದು 70-300 ಇದೆ, ಚಾರ್ಜರ್ ಮರೆತರೆ ಇನ್ನೊಬ್ಬರದು ಆಗುತ್ತದೆ. ಮೆನುವಿನಲ್ಲಿ ಏನೋ ಗೊತ್ತಾಗದಿದ್ದರೆ ಸ್ಟಾಫ್ ರೂಮಿನಲ್ಲೇ ಕೇಳಿಕೊಳ್ಳುತ್ತಾರೆ. ಕ್ಯಾಮೆರಾಕ್ಕೆ ಇಂಥ ಜೊತೆ ಸಿಗುವುದು ದೊಡ್ಡ ಭಾಗ್ಯ.

ಜೊತೆಗೆ ಯಾರೂ ಇಲ್ಲ, ಒಬ್ಬರೇ ಸುತ್ತುತ್ತೀರಿ ಅಂದರೆ ಅಂಗಡಿಗೆ ಹೋಗಿ ಕೈಯಲ್ಲಿ ಹಿಡಿದು ನೋಡಿ. ಕಣ್ಣಿಗೆ ಇಟ್ಟುಕೊಂಡೇ ಐಎಸ್‌ಒ ಬಟನ್, ಅಂದರೆ ಬೆಳಕಿಗೆ ಕ್ಯಾಮೆರಾ ಎಷ್ಟು ಸ್ಪಂದಿಸಬೇಕು ಅಂತ ಹೇಳುವ ಬಟನ್, ಬೆರಳಿಗೆ ಸಿಗುತ್ತದಾ ನೋಡಿ. ಕೈ ಸಣ್ಣದಿದ್ದವರಿಗೆ ದೊಡ್ಡ ಬಾಡಿ ಬೇಗ ಸುಸ್ತು ತರುತ್ತದೆ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತುವವರಿಗೆ ಇದು ಬೇಗ ಗೊತ್ತಾಗುತ್ತದೆ. ಅಂಥವರು ಒಲಿಂಪಸ್, ಪ್ಯಾನಸೋನಿಕ್ ಶುರು ಮಾಡಿದ ಮೈಕ್ರೋ ಫೋರ್ ಥರ್ಡ್ಸ್ ಕ್ಯಾಮೆರಾಗಳನ್ನು ಒಮ್ಮೆ ನೋಡಬಹುದು. ಬಾಡಿ ಲೆನ್ಸು ಎರಡೂ ಸಣ್ಣವು.

ಸೆಕೆಂಡ್ ಹ್ಯಾಂಡ್ ಲೆನ್ಸು ತಗೊಳ್ಳುವವರು ಹೋಗುವಾಗ ಒಂದು ಟಾರ್ಚ್ ಇಟ್ಟುಕೊಂಡು ಹೋಗಿ. ಲೆನ್ಸಿನ ಹಿಂದಿನಿಂದ ಬೆಳಕು ಬಿಟ್ಟು ಮುಂದಿನಿಂದ ನೋಡಿ. ಜೇಡರ ಬಲೆ ಥರದ ಎಳೆಗಳು ಕಂಡರೆ ಅದು ಫಂಗಸ್, ಎಷ್ಟೇ ಕಡಿಮೆ ಬೆಲೆಗೆ ಕೊಟ್ಟರೂ ಬೇಡ. ನಿಮ್ಮ ಬಾಡಿಯನ್ನೂ ಜೊತೆಗೆ ಒಯ್ಯಿರಿ. ಲೆನ್ಸು ಹಾಕಿ, ಆಟೋಫೋಕಸ್ ಆಗುತ್ತಾ ಅಂತ ಅಲ್ಲೇ ನೋಡಿ, ಆಮೇಲೆ ದುಡ್ಡು ಕೊಡಿ.

ನಮಸ್ಕಾರ.