ಪರ ಊರಿನ ಆಸ್ಪತ್ರೆಯಲ್ಲಿ ನಾಲ್ಕು ವಾರ

ಫೋರ್ಟ್ ಪಿಟ್ ಸುರಂಗ ದಾಟಿದ ಕೂಡಲೇ ನೋಡಿ, ಇಡೀ ಪಿಟ್ಸ್‌ಬರ್ಗ್ ಒಮ್ಮೆಲೇ ಎದುರಿಗೆ ಬಂದು ನಿಲ್ಲುತ್ತದೆ. ನಾಲ್ಕು ವಾರ ನನ್ನ ಊರು ಇದೇ. ಇಲ್ಲಿ ಆರ್ಥೋಪೆಡಿಕ್ಸ್‌ನಲ್ಲಿ ನನ್ನ ಅವೇ ರೊಟೇಷನ್, ಅಂದರೆ ಮೆಡಿಕಲ್ ವಿದ್ಯಾರ್ಥಿ ತನ್ನ ಕಾಲೇಜು ಬಿಟ್ಟು ಬೇರೆ ಆಸ್ಪತ್ರೆಯಲ್ಲಿ ಕೆಲವು ವಾರ ಕೆಲಸ ಮಾಡುವುದು.

ಮೈಸೂರಿನ ಸೋದರತ್ತೆಗೆ ಇದು ಇನ್ನೂ ಒಗಟು. "ನಿಮ್ಮ ಕಾಲೇಜಿಗೇ ಆಸ್ಪತ್ರೆ ಇದೆಯಲ್ಲ?" ಇದೆ ಅತ್ತೆ. ಆದರೆ ಅಮೆರಿಕದ ರೆಸಿಡೆನ್ಸಿಗೆ, ಅಂದರೆ ಡಾಕ್ಟರಾದ ಮೇಲಿನ ತಜ್ಞ ತರಬೇತಿಗೆ, ನೀಟ್ ಪಿಜಿ ತರಹ ರ್‍ಯಾಂಕ್ ನೋಡಿ ಸೀಟು ಕೊಡುವುದಿಲ್ಲ. 2022ರಿಂದ ಇಲ್ಲಿನ ಡಾಕ್ಟರ್ ಲೈಸೆನ್ಸಿನ ಮೊದಲ ಹಂತವಾದ ಸ್ಟೆಪ್ 1 ಪರೀಕ್ಷೆಗೆ ಅಂಕವೂ ಇಲ್ಲ, ಪಾಸು ಇಲ್ಲವೇ ಫೇಲು. ಕೋವಿಡ್ ನಂತರ ಸಂದರ್ಶನಗಳೂ ಬಹುತೇಕ ವಿಡಿಯೋದಲ್ಲೇ. ಹಾಗಾಗಿ ಪೈಪೋಟಿ ಜಾಸ್ತಿ ಇರುವ ವಿಭಾಗ ಬೇಕೆಂದರೆ ಊರೂರು ತಿರುಗಿ ಕೆಲಸ ಮಾಡಿ ತೋರಿಸಬೇಕು. ಸಂಬಳವಿಲ್ಲ. ರೂಮು, ಪೆಟ್ರೋಲು ನಮ್ಮದೇ ಖರ್ಚು. ಅರ್ಜಿ ಹಾಕುವುದಕ್ಕೂ ದುಡ್ಡು! ಇದು ಉಳ್ಳವರಿಗೆ ಅನುಕೂಲವಾದ ಪದ್ಧತಿ, ನನಗಂತೂ ಅನುಮಾನವಿಲ್ಲ.

ಆಸ್ಪತ್ರೆಯೊಳಗೆ ಕ್ಯಾಮೆರಾ ತೆಗೆಯುವುದಿಲ್ಲ. ರೋಗಿಗಳ ಗುಟ್ಟಿನ ವಿಷಯದಲ್ಲಿ ಹಿಪಾ ಕಾನೂನು ಬಲು ಬಿಗಿ. ಬಾಯಲ್ಲೇ ಹೇಳುತ್ತೇನೆ.

ರಾತ್ರಿ ಮಣಿಕಟ್ಟು ಮುರಿದುಕೊಂಡ ಯಾರೋ ಬಂದರು ಅಂದುಕೊಳ್ಳಿ. ರೆಸಿಡೆಂಟ್ ಮೂಳೆ ಎಳೆದು ಕೂರಿಸುವ ಹೊತ್ತಿಗೆ ನಾನು ಹತ್ತಿಯ ಸುರುಳಿ ಬಿಚ್ಚಿ, ಪ್ಲಾಸ್ಟರನ್ನು ತೋಳಿನ ಅಳತೆಗೆ ಕತ್ತರಿಸಿ, ಪದರ ಪದರವಾಗಿ ಮಡಿಸಿಟ್ಟಿರಬೇಕು. ಬಕೆಟ್‌ನಲ್ಲಿ ನೀರು ತಯಾರಿರಬೇಕು. ಬಿಸಿನೀರಲ್ಲ. ಪ್ಲಾಸ್ಟರ್ ಗಟ್ಟಿಯಾಗುವಾಗ ತಾನೇ ಬಿಸಿಯೇರುತ್ತದೆ, ನೀರೂ ಬಿಸಿಯಿದ್ದರೆ ಚರ್ಮ ಸುಟ್ಟೀತು. ಇದನ್ನೆಲ್ಲ ಮಾಡು ಅಂತ ಯಾರೂ ಹೇಳುವುದಿಲ್ಲ. ಆದರೆ ರೆಸಿಡೆಂಟ್ ಗಮನಿಸುತ್ತಾರೆ. ರೌಂಡ್ಸ್‌ನಲ್ಲಿ ಪಟಪಟನೆ ಉತ್ತರ ಕೊಡುವುದಕ್ಕಿಂತ ಇದಕ್ಕೇ ಬೆಲೆ ಜಾಸ್ತಿ. ಆರ್ಥೋ ರೆಸಿಡೆನ್ಸಿ ಐದು ವರ್ಷ. ಮುಂದೆ ರಾತ್ರಿ ಪಾಳಿಯಲ್ಲಿ ನಮ್ಮನ್ನು ಕಟ್ಟಿಕೊಂಡು ಏಗಬೇಕಾದವರು ಅವರೇ ಅಲ್ವಾ?

ನಾನೂ ಸುಮ್ನೆ ಕೂತಿಲ್ಲ. ನಾನೂ ಅವರನ್ನು ಅಳೆಯುತ್ತಿದ್ದೇನೆ. ಬೆಳಗಿನ ಜಾವ, ನಿದ್ದೆಗೆಟ್ಟ ಸೀನಿಯರ್ ಒಬ್ಬರು ಜೂನಿಯರ್‌ನ ತಪ್ಪನ್ನು ಯಾವ ದನಿಯಲ್ಲಿ ತಿದ್ದುತ್ತಾರೆ? ನರ್ಸ್ ಹತ್ತಿರ ಹೇಗೆ ಮಾತಾಡುತ್ತಾರೆ? ವೆಬ್‌ಸೈಟ್ ಫೋಟೋದಲ್ಲಿ ಎಲ್ಲರೂ ನಗುತ್ತಲೇ ಇರುತ್ತಾರೆ. ಇದಕ್ಕೆ ಮುಂಚೆ ಹೋದ ಕಡೆ ರೆಸಿಡೆಂಟ್‌ಗಳು ಒಬ್ಬರ ಮುಖ ಒಬ್ಬರು ನೋಡದೆ ಊಟ ಮುಗಿಸುತ್ತಿದ್ದರು. ನನಗೆ ಬೇಕಾದ ಆಸ್ಪತ್ರೆಗಳ ಪಟ್ಟಿಯಲ್ಲಿ ಅದು ಆಗಲೇ ಕೆಳಗಿಳಿದಿದೆ.

ಇದು ಭಾನುವಾರದ ಕ್ಲಿಪ್. ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನ, 1970ರ ದಶಕದ್ದು. ದರ್ಶನಕ್ಕೇ ಹೋಗಿದ್ದು, ಪುಳಿಯೋಗರೆಗಲ್ಲ. ಸರಿ, ಎರಡಕ್ಕೂ.

ಈ ವಾರ ಶಿಫಾರಸು ಪತ್ರ ಕೇಳಬೇಕು. ಸೆಪ್ಟೆಂಬರ್ ಕೊನೆಗೆ ಎರಾಸ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಹಾಕಿದ ರೆಸಿಡೆನ್ಸಿ ಅರ್ಜಿಗಳು ಆಸ್ಪತ್ರೆಗಳ ಕೈಸೇರುತ್ತವೆ, ಅಷ್ಟರೊಳಗೆ ಪತ್ರ ಬರಬೇಕು. ಹೆಸರುವಾಸಿ ಸರ್ಜನ್ ಒಬ್ಬರಿದ್ದಾರೆ, ನನ್ನ ಹೆಸರು ಅವರಿಗೆ ನೆನಪಿರುವುದು ಅನುಮಾನ. ನನ್ನ ಕೆಲಸ ಪಕ್ಕದಲ್ಲೇ ನಿಂತು ನೋಡಿದ ಮೇಡಂ ಇನ್ನೊಬ್ಬರು. ಮೇಡಂನೇ ಕೇಳುತ್ತೇನೆ.