ಬೆಳಕಿನ ಕಿಂಡಿ: ಐರ್ಲೆಂಡಿನ ಹಳ್ಳಿಗಾಡಿನಲ್ಲಿ ಒಂದು ದಿನ

ಎಲ್ಲರಿಗೂ ನಮಸ್ಕಾರ. ನಮ್ಮ ಮಗಳು ಡಬ್ಲಿನ್‌ನಲ್ಲಿದ್ದಾಳೆ. ಹೋದ ವರ್ಷ ನಾವಿಬ್ಬರೂ ಅವಳ ಮನೆಗೆ ಹೋಗಿದ್ದೆವು. ಒಂದು ಭಾನುವಾರ ಅಳಿಯಂದಿರು ಕಾರು ತೆಗೆದರು, ಊರಾಚೆ ಹೊರಟೆವು. ಇವತ್ತು ಹೇಳುವುದು ಆ ಒಂದು ದಿನದ ಸುತ್ತಾಟ. ಫೋಟೊ ಎಲ್ಲಿ ಅಂತ ಕೇಳಬೇಡಿ. ಮುಖ್ಯವಾದ ಜಾಗದ ಒಳಗೆ ಫೋಟೊ ತೆಗೆಯಲು ಬಿಡುವುದಿಲ್ಲ.

ಆ ಜಾಗದ ಹೆಸರು ನ್ಯೂಗ್ರೇಂಜ್. ಡಬ್ಲಿನ್‌ನಿಂದ ಉತ್ತರಕ್ಕೆ ಸುಮಾರು 50 ಕಿಲೋಮೀಟರ್, ಬಾಯ್ನ್ ನದಿಯ ಹತ್ತಿರ. ಹಸಿರು ಹೊಲಗಳ ನಡುವೆ ಒಂದು ದೊಡ್ಡ ದಿಬ್ಬ. ಅಡ್ಡಗಲ ಸುಮಾರು 85 ಮೀಟರ್, ಬುಡದ ಸುತ್ತ 97 ಬಂಡೆಗಳು. ಕ್ರಿ.ಪೂ. 3200ರ ಸುಮಾರಿಗೆ ಕಟ್ಟಿದ್ದು, ಗೀಜಾದ ಪಿರಮಿಡ್ಡಿಗಿಂತ ಹಳೆಯದು. ಒಳಗೆ ಸುಟ್ಟ ಮೂಳೆ ಸಿಕ್ಕಿದ್ದರಿಂದ ಸಮಾಧಿ ಅನ್ನುತ್ತಾರೆ. ಎದುರಿಗೆ ಬೆಳ್ಳಗೆ ಹೊಳೆಯುವ ಕಲ್ಲಿನ ಗೋಡೆ ಇದೆ. ಅದು ಇತ್ತೀಚೆಗೆ ಮತ್ತೆ ಕಟ್ಟಿದ್ದು, ಹಾಗೆ ಕಟ್ಟಿದ್ದು ಸರಿಯೇ ಅಂತ ವಿದ್ವಾಂಸರಲ್ಲಿ ಜಗಳವಿದೆ. ನನಗಂತೂ ಹೊಸ ಬಂಗಲೆಯ ಕಾಂಪೌಂಡು ನೋಡಿದ ಹಾಗಾಯಿತು.

ಒಳಗೆ ಹೋಗುವ ದಾರಿ 19 ಮೀಟರ್. ತಲೆ ಬಗ್ಗಿಸಬೇಕು, ಮೈ ಓರೆ ಮಾಡಬೇಕು. ಒಂದು ಕಡೆ ನನ್ನ ಹೊಟ್ಟೆಗೂ ಕಲ್ಲಿಗೂ ಸ್ವಲ್ಪ ಮಾತುಕತೆಯೇ ನಡೆಯಿತು. ಕೊನೆಗೆ ಒಂದು ಕೋಣೆ. ತಲೆ ಎತ್ತಿದರೆ ಚಪ್ಪಡಿಯ ಮೇಲೆ ಚಪ್ಪಡಿ. ಪ್ರತಿ ವರಸೆಯೂ ಕೆಳಗಿನದಕ್ಕಿಂತ ತುಸು ಒಳಕ್ಕೆ ಚಾಚಿದೆ, ಸುಮಾರು 6 ಮೀಟರ್ ಮೇಲೆ ಒಂದೇ ಕಲ್ಲಿನ ಮುಚ್ಚಳ. ಗಾರೆ ಇಲ್ಲ. ಅಂಥ ಮಳೆಯ ದೇಶದಲ್ಲಿ ಐದು ಸಾವಿರ ವರ್ಷ ಆದರೂ ಒಳಗೆ ಒಣಗಿಯೇ ಇದೆ. ನಮ್ಮ ಮನೆ ಟೆರೇಸು ಮೂರನೇ ಮಳೆಗಾಲಕ್ಕೇ ಸೋರಿತ್ತು!

ಆಮೇಲೆ ಗೈಡಮ್ಮ ದೀಪ ಆರಿಸಿದರು. ನನ್ನ ಕೈ ನನಗೇ ಕಾಣದ ಕತ್ತಲು. ಬಾಗಿಲಿನ ಮೇಲೆ ಒಂದು ಸಣ್ಣ ಕಿಂಡಿ ಇದೆ. ಡಿಸೆಂಬರ್ 21ರ ಆಸುಪಾಸಿನ ಕೆಲವು ದಿನ ಮಾತ್ರ, ಹುಟ್ಟುವ ಸೂರ್ಯನ ಬೆಳಕು ಅದರೊಳಗಿಂದ ತೂರಿ ಈ ಕೋಣೆಯ ತನಕ ಬರುತ್ತದೆ. 17 ನಿಮಿಷ ಇದ್ದು ಹೋಗುತ್ತದೆ. ಅದನ್ನು ನೋಡಲು ಲಾಟರಿ ಎತ್ತುತ್ತಾರೆ. ಲಾಟರಿ ಹೊಡೆದರೂ ಆ ದಿನ ಮೋಡ ಇದ್ದರೆ ಮುಗಿಯಿತು. ನಮಗೆ ಸಿಕ್ಕಿದ್ದು ಬಲ್ಬಿನ ಬೆಳಕು. ಆದರೂ ನೆಲದ ಮೇಲೆ ಆ ಗೆರೆ ತೆವಳಿಕೊಂಡು ಬಂದಾಗ ಯಾರೂ ಮಾತಾಡಲಿಲ್ಲ.

ಇದು ಗೊತ್ತಾದ ಬಗೆ ಇನ್ನೂ ಚೆನ್ನಾಗಿದೆ. 1699ರಲ್ಲಿ ರಸ್ತೆಗೆಂದು ಇಲ್ಲಿನ ಕಲ್ಲು ಸಾಗಿಸುವಾಗ ಬಾಗಿಲು ಕಂಡಿತಂತೆ. 1962ರಿಂದ ಪ್ರೊಫೆಸರ್ ಮೈಕೆಲ್ ಓಕೆಲ್ಲಿ ಅಗೆಯತೊಡಗಿದರು. ಬಂದವರೆಲ್ಲ, 'ವರ್ಷಕ್ಕೊಮ್ಮೆ ಒಳಗೆ ಬಿಸಿಲು ಬೀಳುತ್ತಂತಲ್ಲ' ಅನ್ನುತ್ತಿದ್ದರು. ಇಂಗ್ಲೆಂಡಿನ ಸ್ಟೋನ್‌ಹೆಂಜ್ ಎಂಬ ಕಲ್ಲುಕಂಬಗಳ ಸೂರ್ಯೋದಯದ ಕಥೆಯನ್ನು ಇಲ್ಲಿಗೆ ಸೇರಿಸಿ ಹೇಳುತ್ತಿದ್ದಾರೆ ಅಂತ ಪ್ರೊಫೆಸರ್ ಅಂದುಕೊಂಡಿದ್ದರು. ಆದರೂ ನೋಡಿಯೇ ಬಿಡೋಣ ಅಂತ 1967ರ ಡಿಸೆಂಬರ್ 21ರಂದು ಕತ್ತಲಲ್ಲಿ ಹೋಗಿ ಕೂತರು. ಬೆಳಕು ಬಂತು. ಜನರ ಬಾಯಿಮಾತು ನಿಜವಾಗಿತ್ತು, ತಪ್ಪು ತಿಳಿದಿದ್ದು ಓದಿದವರು. ನನಗೆ ಇದೇ ಇಷ್ಟವಾಗಿದ್ದು.

ಇಂಥ ದಿಬ್ಬಗಳ ಒಳಗೆ ಕಣ್ಣಿಗೆ ಕಾಣದ ಜನ ಇದ್ದಾರೆ ಅನ್ನುವ ನಂಬಿಕೆ ಅಲ್ಲಿನ ಹಳ್ಳಿಗಳಲ್ಲಿತ್ತು. ಆ ಭಯಕ್ಕೇ ಎಷ್ಟೋ ದಿಬ್ಬ ಉಳಿದವು. ನಮ್ಮಲ್ಲೂ ಗಂಗಾವತಿ ಹತ್ತಿರದ ಹಿರೇಬೆಣಕಲ್ ಕಲ್ಲುಮನೆಗಳನ್ನು ಕುಳ್ಳ ಮೋರ್ಯರ ಮನೆ ಅನ್ನುತ್ತಾರೆ, ಅಲ್ವಾ? ಅಲ್ಲಿನ ಇಲ್ಲಿನ ಹಳೆಯ ಕಲ್ಲುಗೋರಿಗಳನ್ನು ಮೊದಲು ಹೋಲಿಸಿದವನು ನಾನಲ್ಲ. ಸುರಪುರದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ಸಾಹೇಬರು ಜೇವರ್ಗಿ ಕಡೆಯ ಕಲ್ಲುಗೋರಿಗಳನ್ನು ಅಗೆಸಿದ್ದರು. ನಿವೃತ್ತರಾದ ಮೇಲೆ ಡಬ್ಲಿನ್‌ನಲ್ಲಿ ನೆಲೆಸಿ, 1860ರ ದಶಕದಲ್ಲಿ ಆ ವಿವರವನ್ನು ರಾಯಲ್ ಐರಿಷ್ ಅಕಾಡೆಮಿಯಲ್ಲಿ ಪ್ರಕಟಿಸಿದರು. ನಮ್ಮ ಕಲಬುರ್ಗಿ ಸೀಮೆಯ ಕಲ್ಲುಗಳು ಆಗಲೇ ಡಬ್ಲಿನ್ ತಲುಪಿದ್ದವು!

ಮಧ್ಯಾಹ್ನ ಬುತ್ತಿಯ ಚಪಾತಿ ತಿಂದು ಮೊನಾಸ್ಟರ್‌ಬಾಯ್ಸ್‌ಗೆ ಹೋದೆವು. ಹಳೆಯ ಮಠ, ಈಗ ಸ್ಮಶಾನ. ಅಲ್ಲಿ ಮಿರೆಡಕ್ ಶಿಲುಬೆ ಅಂತ ಆಳೆತ್ತರದ ಮೂರು ಪಟ್ಟು ಇರುವ ಕಲ್ಲು. ಸುಮಾರು ಸಾವಿರದ ನೂರು ವರ್ಷ ಹಳೆಯದು. ಒಂದೇ ಚೌಕದೊಳಗೆ ಬೈಬಲ್ಲಿನ ಆದಾಮ, ಹವ್ವೆ, ಪಕ್ಕದಲ್ಲೇ ತಮ್ಮನನ್ನು ಕೊಲ್ಲುತ್ತಿರುವ ಅವರ ಮಗ ಕಾಯಿನ. ಓದು ಬಾರದವರಿಗೆ ಕಥೆ ಹೇಳಲು ಕೆತ್ತಿದ್ದು, ನಮ್ಮ ದೇವಸ್ಥಾನದ ಗೋಡೆಗಳ ಹಾಗೆ. ಬುಡದಲ್ಲಿ, ಇದನ್ನು ಮಾಡಿಸಿದ ಮಿರೆಡಕ್‌ಗಾಗಿ ಪ್ರಾರ್ಥಿಸಿ ಅನ್ನುವ ಶಾಸನ. ಅದರ ಪಕ್ಕ ಕಲ್ಲಲ್ಲಿ ಕೆತ್ತಿದ ಎರಡು ಬೆಕ್ಕು! ನಮ್ಮ ಮನೆಯವರು ಅರ್ಧ ಗಂಟೆ ಆ ಬೆಕ್ಕುಗಳನ್ನೇ ನೋಡುತ್ತ ನಿಂತರು.

ಸಂಜೆ ತಾರಾ ಬೆಟ್ಟ. ಬೆಟ್ಟ ಅನ್ನುವುದು ಜಾಸ್ತಿಯಾಯಿತು, ಹುಲ್ಲಿನ ಏರು ಅಷ್ಟೇ. ಹಿಂದೆ ಅಲ್ಲಿ ಐರ್ಲೆಂಡಿನ ರಾಜರ ಪಟ್ಟಾಭಿಷೇಕ ನಡೆಯುತ್ತಿತ್ತಂತೆ. ಈಗ ಒಂದು ನಿಲುಗಲ್ಲು, ಜೋರು ಗಾಳಿ. ಇಳಿಯುವ ದಾರಿಯಲ್ಲಿ ಒಂದು ಮುಳ್ಳುಮರ, ಕೊಂಬೆಗಳ ತುಂಬ ಬಟ್ಟೆ ಚೂರು, ರಿಬ್ಬನ್ನು. ಹರಕೆ ಅಂತ ಯಾರೂ ಹೇಳಿಕೊಡಬೇಕಾಗಲಿಲ್ಲ. ನಮ್ಮ ಮನೆಯವರು ಆಗಲೇ ಬ್ಯಾಗಿನಲ್ಲಿ ಅರಿಶಿನದ ದಾರ ಹುಡುಕುತ್ತಿದ್ದರು. ಮಗಳು, 'ಬೇಡಮ್ಮ, ಬಿಗಿದು ಕಟ್ಟಿದರೆ ಕೊಂಬೆ ಹಾಳಾಗುತ್ತೆ' ಅಂದಳು. ದಾರ ವಾಪಸ್ ಬ್ಯಾಗಿಗೆ ಹೋಯಿತು. ಕೈ ಮಾತ್ರ ಮುಗಿದೇ ಕಾರು ಹತ್ತಿದರು.