ಅಮ್ಮನ ಅಂಗಾಲಿನ ನಕ್ಷೆ

ಬೆಳಗ್ಗೆ ಆರೂವರೆ. ಜಯನಗರದಲ್ಲಿ ನಮ್ಮ ಮನೆ ಹತ್ತಿರದ ಪಾರ್ಕ್. ಚಪ್ಪಲಿ ಬಿಟ್ಟು ಈ ಉರುಟು ಕಲ್ಲುಗಳ ಮೇಲೆ ನಿಧಾನಕ್ಕೆ ಹೆಜ್ಜೆ ಇಡುತ್ತಿರುವುದು ನಮ್ಮಮ್ಮ. "ಇದರ ಮೇಲೆ ನಡೆದರೆ ಇಡೀ ಮೈಗೆ ಒಳ್ಳೇದಂತೆ ಕಣೇ" ಅನ್ನುತ್ತಾರೆ. ಆ 'ಅಂತೆ' ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದೆ. ಅದೇ ಇವತ್ತಿನ ವ್ಲಾಗ್.

ಹುಡುಕಿದಾಗ ಸಿಕ್ಕಿದ್ದು ರಿಫ್ಲೆಕ್ಸಾಲಜಿ, ಅಂದರೆ ಪಾದದ ಬೇರೆ ಬೇರೆ ಜಾಗ ಒತ್ತಿ ಇಡೀ ಮೈಗೆ ಆರಾಮ ಕೊಡುತ್ತೇವೆ ಅನ್ನುವ ಪದ್ಧತಿ. ಅದನ್ನು ಮಾಡುವವರ ಪ್ರಕಾರ ನಮ್ಮ ಪಾದ ಇಡೀ ದೇಹದ ಒಂದು ಪುಟ್ಟ ನಕ್ಷೆ. ಬೆರಳುಗಳು ಅಂದರೆ ತಲೆ. ಅವುಗಳ ಕೆಳಗಿನ ಉಬ್ಬು ಎದೆ, ಶ್ವಾಸಕೋಶ. ಅಂಗಾಲಿನ ನಡುವಿನ ಹಳ್ಳ ಹೊಟ್ಟೆ. ಹಿಮ್ಮಡಿ ಸೊಂಟದ ಭಾಗ. ಹೆಬ್ಬೆರಳಿನ ಕಡೆಯ ಒಳ ಅಂಚು ಬೆನ್ನುಮೂಳೆ. ಆ ಅಂಚನ್ನು ಒಮ್ಮೆ ಪಕ್ಕದಿಂದ ನೋಡಿ, ಬೆನ್ನಿನ ಹಾಗೇ ಬಳುಕಿದೆ ಅಲ್ವಾ? ಲಿವರ್ ಬಲಗಾಲಲ್ಲಿ, ಹೃದಯ ಎಡಗಾಲಲ್ಲಿ.

ಇದರ ಬೇರು ಅಮೆರಿಕದಲ್ಲಿದೆ. ವಿಲಿಯಂ ಫಿಟ್ಜೆರಾಲ್ಡ್ ಅನ್ನುವ ಕಿವಿ, ಮೂಗು, ಗಂಟಲಿನ ಡಾಕ್ಟರ್ ದೇಹವನ್ನು ತಲೆಯಿಂದ ಕಾಲ್ಬೆರಳ ತನಕ ಹತ್ತು ಉದ್ದ ಪಟ್ಟಿಗಳಾಗಿ ನೋಡಿದರು. ಇದರ ಮೇಲೆ ಅವರ ಪುಸ್ತಕ ಬಂದದ್ದು 1917ರಲ್ಲಿ. 1930ರ ದಶಕದಲ್ಲಿ ಯೂನಿಸ್ ಇಂಗಮ್ ಆ ಪಟ್ಟಿಗಳನ್ನು ಪಾದಕ್ಕೆ ಇಳಿಸಿ, ಯಾವ ಅಂಗ ಎಲ್ಲಿ ಅಂತ ಗುರುತು ಹಾಕಿದರು. ನಮ್ಮ ಆಯುರ್ವೇದದ ಪಾದಾಭ್ಯಂಗ ಇದಕ್ಕಿಂತ ಎಷ್ಟೋ ಹಳೆಯದು. ಆದರೆ ಅದು ಎಣ್ಣೆ ಹಚ್ಚಿ ತಿಕ್ಕುವ ದಾರಿ. ಇದು ಜಾಗ ಹಿಡಿದು ಒತ್ತುವ ದಾರಿ.

ಒತ್ತುವ ರೀತಿ ನೋಡಬೇಕು ನೀವು. ಹೆಬ್ಬೆರಳ ಗೆಣ್ಣು ಮಡಿಸಿ, ಬಿಡಿಸಿ, ಮತ್ತೆ ಮಡಿಸಿ ಕೂದಲೆಳೆಯಷ್ಟು ಮುಂದೆ. ಥೇಟ್ ಕಂಬಳಿಹುಳ ನಡೆದ ಹಾಗೆ. ಅಂಗಾಲಿನ ಒಂದು ಚೂರು ಜಾಗವನ್ನೂ ಬಿಡುವುದಿಲ್ಲ.

ಒಂದು ಕಡೆ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಬಲಗಾಲು ಒತ್ತುವಾಗ ಅಮ್ಮ "ಅಯ್ಯೋ" ಅಂದರು. "ಲಿವರ್ ವೀಕ್ ಇದೆ" ಅಂದುಬಿಟ್ಟರು ಅಲ್ಲಿಯವರು. ಆ ರಾತ್ರಿ ಅಮ್ಮ ಸರಿಯಾಗಿ ಊಟ ಮಾಡಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದೆವು, ಎಲ್ಲಾ ನಾರ್ಮಲ್. ನನಗೆ ಈಗಲೂ ಅದು ಬೇಜಾರು. ಅಂಗಾಲಿನ ಒಂದು ಚುಕ್ಕೆಗೂ ಲಿವರ್‌ಗೂ ನೇರ ನಂಟಿದೆ ಅನ್ನುವುದಕ್ಕೆ ವಿಜ್ಞಾನದಲ್ಲಿ ಗಟ್ಟಿ ಪುರಾವೆ ಇಲ್ಲ. ಪಾದ ಒತ್ತಿ ಕಾಯಿಲೆ ಹೇಳುವುದು ತಪ್ಪು. ಅಮ್ಮನದು ಚಿಕ್ಕಪೇಟೆಯ ಸೀರೆ ಅಂಗಡಿಯಲ್ಲಿ ದಿನಾ ಎಂಟು ಗಂಟೆ ನಿಲ್ಲುವ ಕಾಲು. ಒಂದೊಂದು ಪಾದದಲ್ಲಿ 26 ಮೂಳೆ. ನೋಯದೆ ಇರುತ್ತದಾ?

ಹಾಗಂತ ನಾನು ಇದನ್ನು ಬಿಡುವವಳಲ್ಲ. 'ಹೊಟ್ಟೆ ಬೇರೆ, ಬೆನ್ನು ಬೇರೆ, ನಿದ್ದೆ ಬೇರೆ ಅಂತ ನೋಡಬೇಡಿ, ಮನುಷ್ಯರನ್ನು ಇಡಿಯಾಗಿ ನೋಡಿ' ಅನ್ನುವ ಇದರ ಮಾತು ನನಗೆ ತುಂಬಾ ಹಿಡಿಸಿದೆ. ಒತ್ತಿಸಿಕೊಂಡ ದಿನ ಉಸಿರು ನಿಧಾನ ಆಗುತ್ತದೆ, ಮೈ ಹಗುರ ಆಗುತ್ತದೆ. ಅಷ್ಟಕ್ಕೆ ಮಾಡಿಸಿ. ಶುಗರ್ ಇದ್ದು ಪಾದ ಜೋಮು ಹಿಡಿಯುತ್ತಿದ್ದರೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ, ಬಸುರಿಯಾಗಿದ್ದರೆ ಮೊದಲು ಡಾಕ್ಟರನ್ನು ಕೇಳಿ. ಔಷಧಿ ಮಾತ್ರ ನಿಲ್ಲಿಸಬೇಡಿ.

ಈಗ ರಾತ್ರಿ ಒಂಬತ್ತೂವರೆ. ಅಮ್ಮನ ಕಾಲು ನನ್ನ ತೊಡೆ ಮೇಲಿದೆ. ಹಿಮ್ಮಡಿ ಒಡೆದಿದೆ, ಕಾಲುಂಗುರದ ಕೆಳಗೆ ಬೆಳ್ಳಗೆ ಗುರುತು. ಕಂಬಳಿಹುಳದ ನಡಿಗೆ ನನಗಿನ್ನೂ ಪೂರ್ತಿ ಬಂದಿಲ್ಲ. ಮಲಗೇಬಿಟ್ಟರು ಅಂದುಕೊಂಡು ಮೆಲ್ಲಗೆ ಕಾಲು ಕೆಳಗಿಟ್ಟೆ.

"ಕಿರುಬೆರಳು ಬಿಟ್ಬಿಟ್ಯಲ್ಲೇ."